ಉಡುಪಿಯ ಅಮ್ಮನ ಕಾರ್ಡು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ನಮ್ಮವರು ಸರೀಕರ ಬಳಿ ಗ್ರೀನ್ ಕಾರ್ಡು ಬಂತೇ ಎಂದು, ಊಟವಾಯಿತೇ ಎಂದು ಕೇಳುವಷ್ಟೇ ಸಲೀಸಾಗಿ ಕೇಳುತ್ತಾರೆ. ಹಿರಿಯರನ್ನು ಮಾತ್ರ ಹಾಗೆ ಕೇಳುವುದಿಲ್ಲ. ಅವರಿಗಾಗಿ ಬೇರೆಯೇ ಪ್ರಶ್ನೆಗಳಿವೆ. ಯಾವಾಗ ಬಂದ್ರಿ, ವಾಪಸ್ ಯಾವಾಗ, ಹೋದ ಸಲ ಬಂದಾಗ ಎಷ್ಟು ದಿನ ಇದ್ರಿ, ಚಳಿಗಾಲ ಇಲ್ಲೇನಾ. ಇಷ್ಟಕ್ಕೆ ಉತ್ತರ ಸಿಕ್ಕರೆ ಸಾಕು, ಕಾಫಿ ಆರುವುದರೊಳಗೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಇವರು ಬಂದು ಹೋಗುವ ವಿಸಿಟರ್ ವೀಸಾದವರು, ಇವರದು ಇಲ್ಲೇ ನೆಲೆಸುವ ಗ್ರೀನ್ ಕಾರ್ಡು ಎಂದು ತೀರ್ಮಾನ ಮಾಡಿಬಿಡುತ್ತೇವೆ. ಈ ವಿದ್ಯೆಯಲ್ಲಿ ನಾನು ಪಳಗಿದವಳು ಎಂಬ ಜಂಬ ನನಗಿತ್ತು. ಅದು ಇಳಿದದ್ದು ನಮ್ಮ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಹುಡುಕಲು ಹೊರಟಾಗ.

ನನ್ನ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿನ ಸುತ್ತಮುತ್ತ ಇರುವ ಡೇಕೇರ್‌ಗಳಲ್ಲಿ ಬಸುರಿ ಎಂದು ಗೊತ್ತಾದ ದಿನವೇ ಹೆಸರು ಬರೆಸಬೇಕಂತೆ. ನನಗೆ ಯಾರೂ ಹೇಳಿರಲಿಲ್ಲ. ಮೈಸೂರಿನಲ್ಲಿದ್ದ ಅಮ್ಮನಿಗೆ ವೀಸಾ ಇಂಟರ್‌ವ್ಯೂ ಸಿಕ್ಕಿದ್ದು ಮುಂದಿನ ವರ್ಷಕ್ಕೆ. ಅತ್ತೆಗೆ ಇಂಟರ್‌ವ್ಯೂ ಆಗಿ, ಕಿಟಕಿಯಾಚೆ ಕೂತವನು ಒಂದೇ ಪ್ರಶ್ನೆ ಕೇಳಿ ಪಾಸ್‌ಪೋರ್ಟು ವಾಪಸ್ ತಳ್ಳಿದ್ದ. ಮಗಳೋ ನನ್ನನ್ನು ಬಿಟ್ಟರೆ ಯಾರ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ಅಪ್ಪ ಎತ್ತಿಕೊಂಡರೂ ಕಿರುಚುವಳು, ನನ್ನ ಗಂಡ ಪಾಪ ಅಪರಾಧಿಯ ಮುಖ ಹಾಕಿಕೊಂಡು ನನ್ನ ಕೈಗೆ ಕೊಡುತ್ತಿದ್ದ.

ಕೆಲಸ ಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ಊರಿನವರು ಫೋನಿನಲ್ಲಿ ಕೇಳುತ್ತಿದ್ದರು. ಹೋಗುವುದು ಏನೆಂದು ನನಗೊಬ್ಬಳಿಗೇ ಗೊತ್ತಿತ್ತು. ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ನಾನು ಗಂಡನ ವೀಸಾಗೆ ಜೋತುಬಿದ್ದ ಹೆಂಡತಿಯಾಗಿದ್ದೆ. ಆ ವೀಸಾದಲ್ಲಿ ದುಡಿಯುವಂತಿಲ್ಲ. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ನಾಲ್ಕು ಜನರಿಗೆ ಕೆಲಸ ಹೇಳುತ್ತಿದ್ದವಳು, ಇಲ್ಲಿ ಬಂದು ಕಿಟಕಿಯ ಪಕ್ಕ ಕೂತು ಕಸದ ಲಾರಿ ಯಾವ ದಿನ ಯಾವ ಬಣ್ಣದ ಡಬ್ಬ ಎತ್ತುತ್ತದೆ ಎನ್ನುವುದನ್ನು ಬಾಯಿಪಾಠ ಮಾಡಿದೆ. ಮಧ್ಯಾಹ್ನ ಮಲಗುವುದನ್ನು ಕಲಿತೆ, ಮಲಗಿದ್ದಕ್ಕೆ ನನ್ನ ಮೇಲೇ ಹೇಸಿಗೆ ಪಟ್ಟೆ. ಆಮೇಲೆ ಒಂದು ಕಂಪನಿ ನನ್ನ ಹೆಸರಿನಲ್ಲೇ ವೀಸಾ ಮಾಡಿಸಿ ಕೆಲಸಕ್ಕೆ ತೆಗೆದುಕೊಂಡಾಗ, ಮನೆಗೆ ಬಂದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಈಗ ರಜೆ ಮುಗಿದ ಸೋಮವಾರ ಆಫೀಸಿಗೆ ಹೋಗದಿದ್ದರೆ ಆ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆ ವೀಸಾ. ಗಂಡನ ಗ್ರೀನ್ ಕಾರ್ಡಿನ ಅರ್ಜಿ ಹೊಸ ಕಂಪನಿಯಲ್ಲಿ ಇನ್ನೂ ಮೊದಲ ಮೆಟ್ಟಿಲಲ್ಲಿತ್ತು, ಆದ್ದರಿಂದ ನನಗೆ ದುಡಿಯಲು ಬೇರೆ ಪರವಾನಗಿಯೂ ಸಿಗುತ್ತಿರಲಿಲ್ಲ. ಮತ್ತೆ ಅದೇ ಕಿಟಕಿ, ಅದೇ ಕಸದ ಲಾರಿ. ನನಗೆ ಭಯವಾಗಿತ್ತು.

ಮನೆಯಲ್ಲಿ ಮಗು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳುವುದೆಂದರೆ ಇಲ್ಲಿ ನಾವು ಯಜಮಾನರಾದಂತೆ. ಅವರ ಸಂಬಳ, ತೆರಿಗೆ ಎಲ್ಲ ನೋಡಿಕೊಡುವ ಕಂಪನಿಗಳಿವೆ. ಅಂಥ ಒಂದು ಕಂಪನಿಯ ಹೆಂಗಸು ಫೋನಿನಲ್ಲಿ ನನಗೆ ನಿಯಮ ವಿವರಿಸಿದಳು. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು, ಈ ದೇಶದಲ್ಲಿ ದುಡಿಯಲು ನಿಮಗೆ ಕಾನೂನಿನ ಒಪ್ಪಿಗೆ ಇದೆಯೇ ಎಂದು ಕೇಳಬಹುದು. ಕೇಳುವುದಾದರೆ ಎಲ್ಲರನ್ನೂ ಕೇಳಬೇಕು, ಒಂದೇ ಮಾತಿನಲ್ಲಿ ಕೇಳಬೇಕು. ಮುಖ ನೋಡಿ, ಉಚ್ಚಾರ ಕೇಳಿ, ಕೆಲವರನ್ನು ಮಾತ್ರ ಕೇಳುವಂತಿಲ್ಲ. ತೆಗೆದುಕೊಂಡ ಮೇಲೆ ಒಂದು ಫಾರಂ ತುಂಬಿಸಿ ಅವರ ಕಾಗದಪತ್ರಗಳ ಅಸಲನ್ನು ನಮ್ಮ ಕಣ್ಣಾರೆ ನೋಡಬೇಕು. ಇಂಥದ್ದೇ ಕಾಗದ ತೋರಿಸಿ ಎನ್ನುವಂತಿಲ್ಲ, ಒಪ್ಪಿತವಾದವುಗಳಲ್ಲಿ ಯಾವುದನ್ನು ತೋರಿಸಬೇಕೆನ್ನುವುದು ಅವರಿಷ್ಟ. 'ಯೂ ಆರ್ ದಿ ಎಂಪ್ಲಾಯರ್' ಎಂದು ಆಕೆ ಮಾತುಮಾತಿಗೂ ಹೇಳುತ್ತಿದ್ದಳು. ನನಗೆ ನಗು ಬರುತ್ತಿತ್ತು. ನಾನೇ ಇನ್ನೊಬ್ಬರ ದಯೆಯಿಂದ ಈ ದೇಶದಲ್ಲಿ ನಿಂತವಳು.

ಫೋನಿನಲ್ಲಿ ಅಪರಿಚಿತರನ್ನು ಆ ಪ್ರಶ್ನೆ ಕೇಳುವುದು ಕಷ್ಟವಾಗಲಿಲ್ಲ. ಒಬ್ಬಳು ಪ್ರಶ್ನೆ ಮುಗಿಯುವ ಮೊದಲೇ ಫೋನ್ ಇಟ್ಟಳು. ಇನ್ನೊಬ್ಬಳು, ಮೇಡಂ ನಾನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿದಳು. ಕಾಗದ ಇದ್ದವರು ಬೇರೆ ಮನೆಗಳಲ್ಲಿ ಒಪ್ಪಿಕೊಂಡಾಗಿತ್ತು, ಬರುತ್ತೇನೆನ್ನುವವರ ಬಳಿ ಕಾಗದ ಇರಲಿಲ್ಲ. ಕನ್ನಡ ತಾಯಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ನನ್ನ ಗೋಳು ತೋಡಿಕೊಂಡೆ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೇ ಎಂದು ಬುದ್ಧಿ ಹೇಳಿದರು. ಮಗನ ಮನೆಗೋ ಮಗಳ ಮನೆಗೋ ಬಂದ ಯಾರಾದರೂ ಹಿರಿಯರನ್ನು ಕರೆಸಿಕೋ, ಸಂಬಳ ಅನ್ನಬೇಡ, ಗೌರಿ ಹಬ್ಬ ದೀಪಾವಳಿ ಅಂತ ಸೀರೆಯ ಜೊತೆ ಕವರಿನಲ್ಲಿ ದುಡ್ಡು ಇಟ್ಟುಕೊಡು, ಅದನ್ನು ಯಾರು ಕೇಳ್ತಾರೆ ಎಂದರು. ಕಂಪನಿಯ ಹೆಂಗಸಿಗೆ ಇದನ್ನು ಮೆಲ್ಲಗೆ ಹೇಳಿನೋಡಿದೆ. ಸೀರೆಯ ಜೊತೆ ಕೊಟ್ಟರೂ ಕೆಲಸ ಕೆಲಸವೇ ಎಂದಳು. ಗುಂಪಿನಲ್ಲೇ ಯಾರೋ ಎವರ್‌ಗ್ರೀನ್ ಎಂಬ ಬಡಾವಣೆಯ ಕಡೆಯ ಒಂದು ನಂಬರನ್ನೂ ಹಾಕಿದ್ದರು.

ನಂಬರಿಗೆ ಫೋನ್ ಮಾಡಿದಾಗ ಕರಾವಳಿಯ ಕನ್ನಡದಲ್ಲಿ ಒಬ್ಬ ಹಿರಿಯ ಹೆಂಗಸು ಮಾತಾಡಿದರು. ಉಡುಪಿಯವರು, ಮನೆಯಲ್ಲಿ ತುಳು. ಮಗಳು ಇಲ್ಲೇ ಡಾಕ್ಟರು. ಮೊಮ್ಮಕ್ಕಳಿಬ್ಬರನ್ನೂ ಇವರೇ ಸಾಕಿದ್ದು, ಈಗ ದೊಡ್ಡವರಾಗಿದ್ದಾರೆ. 'ನಾಳೆ ಬೇಕಾದ್ರೂ ಬರ್ತೇನೆ. ಆದ್ರೆ ನೀವೇ ಕರ್ಕೊಂಡು ಹೋಗ್ಬೇಕು. ಮನೆ ಎದುರು ಬೇಡ, ಕೆಳಗೆ ಪಾರ್ಕಿನ ಹತ್ರ ನಿಂತಿರ್ತೇನೆ' ಎಂದರು. ಮಾರನೆಯ ದಿನ ಬೆಳಗ್ಗೆ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಫ್ರೀವೇ ಹತ್ತಿ ಎವರ್‌ಗ್ರೀನ್‌ಗೆ ಹೋದೆ. ಗುಡ್ಡದ ಬುಡದ ಪಾರ್ಕಿನಲ್ಲಿ ಹತ್ತಿ ಸೀರೆ, ಮೇಲೆ ಮೊಮ್ಮಗನದಿರಬೇಕಾದ ಶಾಲೆಯ ಜ್ಯಾಕೆಟ್ಟು, ಕಾಲಿಗೆ ಬಿಳಿ ಶೂ ಹಾಕಿಕೊಂಡು ನಿಂತಿದ್ದರು. ಕಾರಿನಿಂದಿಳಿದ ನಾನು ಅಭ್ಯಾಸಬಲದಿಂದ ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ಅಮ್ಮಾ ಎಂದೆ. ಅವರೂ ತಲೆ ಮೇಲೆ ಕೈ ಇಟ್ಟರು. ಅಲ್ಲಿಗೆ ನಾನು ಕೆಟ್ಟೆ. ಆಶೀರ್ವಾದ ತೆಗೆದುಕೊಂಡ ಮೇಲೆ, ನಿಮಗೆ ಇಲ್ಲಿ ದುಡಿಯಲು ಒಪ್ಪಿಗೆ ಇದೆಯಾ ಎಂದು ಯಾವ ಬಾಯಲ್ಲಿ ಕೇಳುವುದು?

ಆ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನಾನು ಇನ್ನೂ ಮರೆತಿಲ್ಲ. ಅವರು ನೆಲದ ಮೇಲೆ ಗೋಡೆಗೊರಗಿ ಕೂತು, ಕಾಲು ನೀಡಿ, ಮಗುವನ್ನು ಕಾಲ ಮೇಲೆ ಅಂಗಾತ ಹಾಕಿಕೊಂಡರು. ಮೆಲ್ಲಗೆ ಪಾದ ಆಡಿಸುತ್ತಾ ತುಳುವಿನಲ್ಲಿ ಏನೋ ಗುನುಗಿದರು. ಮಗಳು ಕಿರುಚಲು ಬಾಯಿ ತೆರೆದವಳು ಹಾಗೇ ನಿಲ್ಲಿಸಿ ಅವರ ಮುಖ ನೋಡಿದಳು, ಆಮೇಲೆ ನಿದ್ದೆ ಹೋದಳು. ನಾನು ಅಡುಗೆಮನೆಗೆ ಹೋಗಿ ಎರಡೂ ಕೈಯಲ್ಲಿ ಲೋಟ ಹಿಡಿದು ಬಿಸಿ ಕಾಫಿ ಕುಡಿದೆ. ಮಗು ಹುಟ್ಟಿದ ಮೇಲೆ ನಾನು ಬಿಸಿ ಕಾಫಿ ಕುಡಿದೇ ಇರಲಿಲ್ಲ. ಈ ಹೆಂಗಸನ್ನು ಯಾವ ಕಾರಣಕ್ಕೂ ಬಿಡಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ನನ್ನ ವಿದ್ಯೆ ಪ್ರಯೋಗಿಸಿದ್ದೂ ಆಗಲೇ. ಊರಿಗೆ ಯಾವಾಗ ಹೋಗಿದ್ರಿ ಅಮ್ಮ ಎಂದೆ. ಹೋದ ವರ್ಷ ಹೋಗಿ ಬಂದೆ, ದೀಪಾವಳಿಗೆ ಮತ್ತೆ ಹೋಗಬೇಕು ಅಂತ ಉಂಟು, ಮಗಳು ಎಂತ ಹೇಳ್ತಾಳೋ ಎಂದರು. ಚಳಿ ನಿಮಗೆ ಒಗ್ಗುತ್ತಾ ಎಂದೆ. ನನಗೆಂತ ಚಳಿ ಮಾರಾಯ್ತಿ ಎಂದರು. ವಾಪಸ್ ಬಿಡಲು ಹೋದಾಗ ಮತ್ತೆ ಪಾರ್ಕಿನ ಹತ್ತಿರವೇ ಇಳಿಸಲು ಹೇಳಿ, 'ಮಗಳಿಗೆ ಗೊತ್ತಾಗುದು ಬೇಡ' ಎಂದರು. ಎವರ್‌ಗ್ರೀನ್‌ನಿಂದ ಕ್ಯಾಂಪ್‌ಬೆಲ್‌ಗೆ ಬರುವುದರೊಳಗೆ ನನ್ನ ಲೆಕ್ಕ ಮುಗಿದಿತ್ತು. ಊರಿಗೆ ಹೋಗಿ ಬರುವವರು, ಮನೆ ಎದುರು ಕಾರು ಬೇಡ ಎನ್ನುವವರು, ಮಗಳಿಗೆ ಹೇಳಬೇಡಿ ಎನ್ನುವವರು. ವಿಸಿಟರ್ ವೀಸಾ, ಅನುಮಾನವೇ ಇಲ್ಲ, ಅದರಲ್ಲಿ ದುಡಿಯುವಂತಿಲ್ಲ.

ಗಂಡನಿಗೆ ಹೇಳಿದಾಗ ಅವನ ಮುಖ ಸಣ್ಣಗಾಯಿತು. 'ನಮ್ ಅಪ್ಲಿಕೇಶನ್ ನಡೀತಿದೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವಿಬ್ರೂ ಮಗು ಎತ್ಕೊಂಡು ಫ್ಲೈಟ್ ಹತ್ಬೇಕು, ಅಷ್ಟೇ. ಕೇಳ್ಬಿಡು ಅವರ್ನ.'

'ನೀನೇ ಕೇಳು.'

'ನಂಗೆ ಸಂಕೋಚ. ನೀವು ಹೆಂಗಸ್ರು ಹೆಂಗಸ್ರು ಮಾತಾಡ್ಕೊಳ್ಳಿ.'

ಮನೆಯಲ್ಲಿ ಯಾವುದು ಕಷ್ಟವೋ ಅದು ಹೆಂಗಸರ ಮಾತು. ಎರಡು ಸಲ ಅಮ್ಮನನ್ನು ಕರೆದುಕೊಂಡು ಬಂದೆ, ಎರಡು ಸಲವೂ ಬಾಯಿ ತೆರೆದು ಬೇರೇನೋ ಕೇಳಿದೆ. ಮೂರನೆಯ ಸಲ, ಅವರು ದೋಸೆ ಹಿಟ್ಟಿಗೆ ಉಪ್ಪು ಹಾಕಿ ಕಲಸುತ್ತಿದ್ದಾಗ, ಗಟ್ಟಿ ಮನಸ್ಸು ಮಾಡಿ, ಪ್ರಶ್ನೆ ಬರೆದಿಟ್ಟ ಫೋನು ಹಿಡಿದು ನಿಂತೆ. ಎಲ್ಲರನ್ನೂ ಒಂದೇ ಮಾತಿನಲ್ಲಿ ಕೇಳಬೇಕಲ್ಲ. ಇಂಗ್ಲಿಷಿನ ಆ ಪ್ರಶ್ನೆಯನ್ನು ಶಾಲೆಯ ಮಗು ಪ್ರಾರ್ಥನೆ ಓದುವ ಹಾಗೆ ಓದಿದೆ, ಆಮೇಲೆ ತಪ್ಪುತಪ್ಪಾಗಿ ಕನ್ನಡದಲ್ಲಿ ಹೇಳಿದೆ, ಆಮೇಲೆ ಬೇಜಾರು ಮಾಡ್ಕೋಬೇಡಿ ಅಮ್ಮ ಎಂದೆ.

ಅವರು ಕೈ ತೊಳೆದುಕೊಂಡು ನನ್ನನ್ನೇ ನೋಡಿದರು. 'ಇದನ್ನು ಕೇಳ್ಲಿಕ್ಕಾ ನೀನು ಇಷ್ಟು ದಿನ ಒದ್ದಾಡಿದ್ದು? ನಂಗೆ ಗ್ರೀನ್ ಕಾರ್ಡುಂಟು ಮಾರಾಯ್ತಿ. ನಮ್ಮ ಯಜಮಾನ್ರು ಹೋದ ಮೇಲೆ ಮಗಳು ಮಾಡಿಸಿದ್ದು. ಅವಳು ಇಲ್ಲಿಯ ಸಿಟಿಜನ್ ಅಲ್ವಾ.'

ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು, ಅದು ತಲೆಕೆಳಗಾದದ್ದಕ್ಕೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಹಾಗಾದ್ರೆ ಎಲ್ಲ ಸರಿಹೋಯ್ತು, ನಾಳೆ ಬರುವಾಗ ಏನಾದ್ರೂ ಕಾಗದ ತಂದು ತೋರಿಸಿದ್ರೆ ಸಾಕು, ಸೋಮವಾರದಿಂದ ಕೆಲಸ, ಸಂಬಳ ನಿಮ್ಮ ಹೆಸರಿಗೇ ಎಂದೆ. ಅವರು ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

ಕಾರ್ಡು ಅವರ ಬಳಿ ಇರಲಿಲ್ಲ. ಮಗಳ ಆಫೀಸು ರೂಮಿನ ಬೀರುವಿನಲ್ಲಿ ಒಂದು ಫೈಲಿದೆಯಂತೆ, ಬೀರುವಿಗೆ ಬೀಗ. ಪಾಸ್‌ಪೋರ್ಟು, ಗ್ರೀನ್ ಕಾರ್ಡು, ಸೋಶಿಯಲ್ ಸೆಕ್ಯುರಿಟಿ ಕಾರ್ಡು, ರಾಜ್ಯದವರು ಕೊಟ್ಟ ಗುರುತಿನ ಚೀಟಿ, ಎಲ್ಲ ಅದರಲ್ಲೇ. ನೀನು ಕಳೆದು ಹಾಕ್ತಿ ಅಮ್ಮ, ನನ್ನ ಹತ್ರ ಸೇಫ್ ಇರ್ತದೆ ಎಂದು ಬಂದ ದಿನವೇ ಮಗಳು ತೆಗೆದಿಟ್ಟುಕೊಂಡಳಂತೆ. ವಿಮಾನ ಹತ್ತುವ ದಿನ ಕೈಗೆ ಕೊಡುತ್ತಾಳೆ, ಇಳಿದು ಮನೆಗೆ ಬಂದ ಕೂಡಲೇ ವಾಪಸ್ ಇಸಿದುಕೊಳ್ಳುತ್ತಾಳೆ. ಮನೆ ಎದುರು ಕಾರು ಬೇಡ ಎಂದದ್ದು ಬಾಗಿಲ ಗಂಟೆಯ ಕ್ಯಾಮೆರಾಕ್ಕೆ ಹೆದರಿ. ಅದು ಯಾರು ಬಂದರೂ ಹೋದರೂ ಆಸ್ಪತ್ರೆಯಲ್ಲಿರುವ ಮಗಳ ಫೋನಿಗೆ ಚಿತ್ರ ಕಳಿಸುತ್ತದೆ. ಇವರು ಹಿಂದಿನ ಗೇಟಿನಿಂದ ಪಾರ್ಕಿಗೆ ಇಳಿದು ಬರುತ್ತಿದ್ದರು.

'ಕೇಳಿದ್ರೆ ಕೊಡ್ತಾರಲ್ವಾ ಅಮ್ಮ?'

'ಯಾಕೆ ಅಂತ ಕೇಳ್ತಾಳೆ. ಎಂತ ಹೇಳುದು? ಡಾಕ್ಟರ ಅಮ್ಮ ಬೇರೆಯವರ ಮನೇಲಿ ಮಕ್ಕಳ ಹೇಲು ತೊಳೀಲಿಕ್ಕೆ ಹೋಗ್ತಾಳೆ ಅಂತ ಹೇಳುದಾ?' ಎಂದು ಅವರು ನಕ್ಕರು. ಆಮೇಲೆ ತಾವಾಗಿಯೇ ಹೇಳಿದರು. 'ಅವಳು ಕೆಟ್ಟವಳಲ್ಲ. ನಂಗೆ ಯಾವುದಕ್ಕೂ ಕಮ್ಮಿ ಮಾಡ್ಲಿಲ್ಲ. ದುಡ್ಡು ಬೇಕು ಅಂದ್ರೆ ಕೊಡ್ತಾಳೆ. ಆದ್ರೆ ಕೇಳ್ಬೇಕು. ಒಂದು ಸೀರೆ ಯಾರಿಗಾದ್ರೂ ಕೊಡುವಾ ಅಂದ್ರೂ ಕೇಳ್ಬೇಕು. ಯಾಕಮ್ಮ ಅಂತಾಳೆ. ಸುಮ್ನೆ ಕೇಳುದು, ಬೈಲಿಕ್ಕಲ್ಲ. ನಂಗೆ ಆ ಯಾಕಮ್ಮ ಕೇಳಿ ಕೇಳಿ ಸಾಕಾಗಿದೆ.'

ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಗಂಡ ಪ್ರೀತಿಯಿಂದಲೇ ಕೊಟ್ಟ ಕ್ರೆಡಿಟ್ ಕಾರ್ಡಿನಲ್ಲಿ ಒಂದು ಜೊತೆ ಚಪ್ಪಲಿ ಕೊಳ್ಳಲು ಅಂಗಡಿಯಲ್ಲಿ ಅರ್ಧ ಗಂಟೆ ನಿಂತು, ಕೊಳ್ಳದೆ ಬಂದವಳು ನಾನು.

ಕಂಪನಿಯ ಹೆಂಗಸಿಗೆ ಮತ್ತೆ ಫೋನ್ ಮಾಡಿದೆ. ಫೋಟೋ ತೋರಿಸಿದರೆ ನಡೆಯುತ್ತದೆಯೇ ಎಂದರೆ, ಅಸಲೇ ಬೇಕು ಎಂದಳು. ಕಾರ್ಡು ಕಳೆದುಹೋಗಿದ್ದರೆ ಬೇರೆ ಮಾತು, ಹೊಸದಕ್ಕೆ ಅರ್ಜಿ ಹಾಕಿದ ರಸೀದಿಯನ್ನು ಸದ್ಯಕ್ಕೆ ಒಪ್ಪಿಕೊಳ್ಳಬಹುದು ಎಂದಳು. ನನ್ನ ತಲೆ ಓಡಿತು. ಅಮ್ಮನಿಗೆ ಅದನ್ನು ಸೂಕ್ಷ್ಮವಾಗಿ ಹೇಳಿದೆ. ಕಳೆದುಹೋಗಿದೆ ಅಂತ ಬರೆದುಬಿಡೋಣವೇ ಎಂದು ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ, ಆದರೆ ಅರ್ಥ ಅದೇ. ಅವರು ಗೋಣು ಅಲ್ಲಾಡಿಸಿದರು. 'ಕಳೆದು ಹೋಗ್ಲಿಲ್ಲ ಅಲ್ವಾ. ಎಲ್ಲುಂಟು ಅಂತ ನಂಗೆ ಗೊತ್ತುಂಟು. ಸುಳ್ಳು ಯಾಕೆ ಬರೀಬೇಕು? ಇವತ್ತು ರಾತ್ರೆ ಅವಳನ್ನೇ ಕೇಳ್ತೇನೆ.'

ಅದು ಶುಕ್ರವಾರ. ಶನಿವಾರ ಬೆಳಗ್ಗೆ ಡಾಕ್ಟರ ಫೋನು ಬಂತು, ವಿಳಾಸ ಕೇಳಿದರು, ಮಧ್ಯಾಹ್ನ ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಅವರು ನೋಡಿದರೆ ಸ್ವೀಟ್ ಬಾಕ್ಸು ತಂದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ರಾತ್ರಿ ನಿದ್ದೆಗೆಟ್ಟ ಕಣ್ಣು. ಮಗುವಿನ ಕೆನ್ನೆ ಮುಟ್ಟಿ ಮುದ್ದಾಗಿ ಮಾತಾಡಿಸಿದರು. ಅಮ್ಮ ನೇರ ಹೋಗಿ ನೆಲದ ಮೇಲೆ ಕೂತು ಕಾಲು ನೀಡಿ ಮಗುವನ್ನು ಹಾಕಿಕೊಂಡರು. ನನ್ನ ಗಂಡ ಕಾಫಿ ಮಾಡಲು ಓಡಿದ.

'ನೋಡಿ, ನೀವು ತಪ್ಪು ತಿಳ್ಕೋಬೇಡಿ,' ಎಂದರು ಡಾಕ್ಟರು. 'ಅಮ್ಮನಿಗೆ ಬೋರ್ ಆಗ್ತದೆ ಅಂತ ಐ ಅಂಡರ್‌ಸ್ಟ್ಯಾಂಡ್. ಬಟ್ ಫಾರಂ, ಸ್ಯಾಲರಿ, ಇದೆಲ್ಲ ಬೇಡ. ನಮ್ ಕಮ್ಯುನಿಟಿ ಎಷ್ಟು ಚಿಕ್ಕದು ನಿಮಗೆ ಗೊತ್ತಲ್ಲ. ನಾಳೆ ದೇವಸ್ಥಾನದಲ್ಲಿ ಯಾರಾದ್ರೂ ನಿಮ್ಮಮ್ಮ ಆಯಾ ಕೆಲ್ಸ ಮಾಡ್ತಾರಂತೆ ಅಂದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳಲಿ? ನೀವೂ ನಮ್ಮ ಹುಡುಗಿ. ಸುಮ್ನೆ ಹೆಲ್ಪ್ ಅಂತ ಬರ್ಲಿ. ನಾನೇ ಬೆಳಗ್ಗೆ ಡ್ರಾಪ್ ಮಾಡ್ತೇನೆ, ಸಂಜೆ ಪಿಕಪ್ ಮಾಡ್ತೇನೆ. ನೀವು ಒಂದು ಪೈಸೆ ಕೊಡೋದು ಬೇಡ. ದುಡ್ಡಿಲ್ಲ ಅಂದ್ಮೇಲೆ ಪೇಪರ್ಸ್ ಕೂಡ ಬೇಡ.'

ಅಡುಗೆಮನೆಯಿಂದ ನನ್ನ ಗಂಡ, 'ಅಯ್ಯೋ, ದೊಡ್ಡ ಉಪಕಾರ ಆಯ್ತು ಮೇಡಂ' ಎಂದ. ಅವನ ದನಿಯಲ್ಲಿ ಬದುಕಿದೆಯಾ ಬಡಜೀವವೇ ಎನ್ನುವ ನಿರಾಳ.

ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಆ ಕ್ಷಣ ಒಪ್ಪಿಕೊಂಡುಬಿಟ್ಟಿತ್ತು. ಸೋಮವಾರ ಆಫೀಸಿಗೆ ಹಾಕಿಕೊಂಡು ಹೋಗುವ ಬಟ್ಟೆಯನ್ನು ಮನಸ್ಸಿನಲ್ಲೇ ಇಸ್ತ್ರಿ ಮಾಡುತ್ತಿದ್ದೆ. ಬೇಡ, ಅವರಿಗೆ ಸಂಬಳ ಕೊಡುತ್ತೇನೆ ಎಂದರೆ ಅವರೂ ಇಲ್ಲ, ಆಫೀಸೂ ಇಲ್ಲ. ಆಗಲಿ ಎಂದರೆ ಎಲ್ಲವೂ ಉಂಟು, ಅಮ್ಮ ಕೇಳಿಕೊಂಡು ಬಂದ ಒಂದನ್ನು ಬಿಟ್ಟು. ನಾನು ಡಾಕ್ಟರ ಮುಖ ನೋಡಿದೆ, ಗಂಡನ ಮುಖ ನೋಡಿದೆ. ಅಮ್ಮನ ಮುಖ ಮಾತ್ರ ನೋಡಲಿಲ್ಲ.

'ಬಿಟ್ಟಿಗೆ ಆದ್ರೆ ನಾನು ಬರುದಿಲ್ಲ' ಎಂದರು ಅಮ್ಮ, ಕಾಲಾಡಿಸುವುದನ್ನು ನಿಲ್ಲಿಸದೆ.

'ಅಮ್ಮ, ಪ್ಲೀಸ್. ಮನೆಗೆ ಹೋಗಿ ಮಾತಾಡುವಾ.'

'ಮನೇಲಿ ನಿನ್ನೆ ಮಾತಾಡಿ ಆಯ್ತಲ್ಲ. ಬಿಟ್ಟಿಗೆ ಮಕ್ಕಳನ್ನು ನೋಡಿದ್ದು ನಂಗೆ ಸಾಕು. ನಿನ್ನನ್ನು ನೋಡಿದೆ, ನಿನ್ನ ತಮ್ಮನನ್ನು ನೋಡಿದೆ, ನಿನ್ನ ಮಕ್ಕಳನ್ನು ನೋಡಿದೆ. ಅದಕ್ಕೆ ಬೇಸರ ಇಲ್ಲ. ಇದು ಬೇರೆಯವರ ಮನೆ. ಇಲ್ಲಿ ಮಾಡಿದ್ರೆ ಕೆಲ್ಸ ಅಂತ ಮಾಡ್ತೇನೆ.'

ಡಾಕ್ಟರ ಕಣ್ಣಲ್ಲಿ ನೀರು ಬಂತು. ನಾನು ನಿಂಗೆ ಏನು ಕಮ್ಮಿ ಮಾಡಿದ್ದೇನೆ ಎಂದು ತುಳುವಿನಲ್ಲಿ ಕೇಳಿರಬೇಕು, ದನಿಯಲ್ಲೇ ಗೊತ್ತಾಗುತ್ತಿತ್ತು. ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ಟರು, ನಮಗೂ ತಿಳಿಯಲಿ ಎಂದಿರಬಹುದು. ಮಗುವನ್ನು ನಿಧಾನಕ್ಕೆ ಎತ್ತಿ ನನ್ನ ಮಡಿಲಿಗೆ ಹಾಕಿ, ಗೋಡೆ ಹಿಡಿದು ಎದ್ದು ನಿಂತು, 'ಕಾರ್ಡು ಕೊಡು. ಇಲ್ಲದಿದ್ರೆ ಊರಿಗೆ ಟಿಕೇಟು ತೆಗೆದು ಕೊಡು' ಎಂದರು.

'ಹೋಗಿ ಅಲ್ಲೇ ಕೂತ್ರೆ ನಿನ್ನ ಗ್ರೀನ್ ಕಾರ್ಡ್ ಹೋಗ್ತದೆ ಅಮ್ಮ. ಎಷ್ಟು ಕಷ್ಟಪಟ್ಟು ಮಾಡಿಸಿದ್ದು.'

'ಹೋಗ್ಲಿ.'

ಕಾಫಿಯನ್ನು ಯಾರೂ ಕುಡಿಯಲಿಲ್ಲ. ಅವರು ಹೋದ ಮೇಲೆ ಗಂಡ, 'ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ, ಸ್ವಲ್ಪ ದಿನದ ಮಟ್ಟಿಗೆ ಅಡ್ಜಸ್ಟ್ ಮಾಡ್ಕೊಳ್ಳಿ ಅಂತ' ಎಂದ. ಅವನ ಮೇಲೆ ಬಂದ ಸಿಟ್ಟಿಗೆ ಸ್ವೀಟ್ ಬಾಕ್ಸು ತೆಗೆದು ಕಸದ ಡಬ್ಬಕ್ಕೆ ಹಾಕಿದೆ. ಆ ಮಾತು ನನ್ನ ಗಂಟಲಲ್ಲೂ ಇತ್ತು ಎನ್ನುವುದಕ್ಕೇ ಅಷ್ಟು ಸಿಟ್ಟು. ಮಗು ಎದ್ದು ಅಳತೊಡಗಿತು, ಕಾಲು ನೀಡಿ ಹಾಕಿಕೊಂಡೆ, ನನ್ನ ಕಾಲ ಮೇಲೆ ಅದು ಮಲಗಲಿಲ್ಲ.

ಭಾನುವಾರವೆಲ್ಲ ಫೋನು ಹಿಡಿದು ಕೂತೆ. ಎರಡು ತಿಂಗಳ ಮೇಲೆ ಬರಬಲ್ಲೆ ಎಂದಳು ಒಬ್ಬಳು. ಗಂಡನಿಗೆ ರಜೆ ಕೇಳೆಂದರೆ, ಹೊಸ ಕಂಪನಿ, ಹೋದ ತಿಂಗಳಷ್ಟೇ ಪಕ್ಕದ ಟೀಮನ್ನು ಮನೆಗೆ ಕಳಿಸಿದ್ದಾರೆ, ನನ್ನ ಕೆಲಸವೂ ಹೋದರೆ ಮೂವರೂ ಬೀದಿಗೆ ಎಂದ. ಅದು ಸುಳ್ಳಲ್ಲ. ಸೋಮವಾರ ಬೆಳಗ್ಗೆ ಕೆಲಸ ಬಿಡುತ್ತೇನೆಂದು ಆಫೀಸಿಗೆ ಮೇಲ್ ಬರೆದೆ. ಮಧ್ಯಾಹ್ನದೊಳಗೆ ಉತ್ತರ ಬಂತು, ಬಹಳ ಮರ್ಯಾದೆಯ ಉತ್ತರ, ಮಗುವಿಗೆ ಶುಭ ಹಾರೈಸಿದ್ದರು. ನನ್ನನ್ನು ಮತ್ತೆ ಗಂಡನ ವೀಸಾಗೆ ಸೇರಿಸುವ ಕೆಲಸವನ್ನು ವಕೀಲರು ಶುರುಮಾಡಿದರು. ಫೋನಿನಲ್ಲಿ ಅವರು, ಇನ್ನು ಮುಂದೆ ನೀವು ದುಡಿಯುವಂತಿಲ್ಲ, ಗೊತ್ತಲ್ಲ ಎಂದು ಎಚ್ಚರಿಸಿದರು. ಗೊತ್ತು ಎಂದೆ. ಆ ದಿನಗಳಲ್ಲಿ ನಾನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮಗುವಿನ ಮೇಲೂ ಸಿಟ್ಟು ಬರುತ್ತಿತ್ತು, ಬಂದದ್ದಕ್ಕೆ ಅಳು ಬರುತ್ತಿತ್ತು, ಈ ಎರಡರ ನಡುವೆ ಬಟ್ಟೆ ಮಡಚುತ್ತಿದ್ದೆ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಉಡುಪಿಯ ಅಮ್ಮನ ಫೋನು ಬಂತು. ಹಿಂದೆ ಗಲಗಲ ಸದ್ದು, ಮೈಕಿನಲ್ಲಿ ಯಾರೋ ಹೆಸರು ಕೂಗುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿದ್ದರು, ತಪಾಸಣೆಯೆಲ್ಲ ಮುಗಿಸಿ ಒಳಗೆ ಕೂತಿದ್ದರು. ಮಗಳು ಟಿಕೇಟು ತೆಗೆದುಕೊಟ್ಟಿದ್ದಳು. ಕಾರ್ಡು ಕೊಡುವುದಕ್ಕಿಂತ ಅದು ಅವಳಿಗೆ ಸುಲಭವಾಗಿತ್ತು.

'ಮಗು ಹೇಗುಂಟು?' ಎಂದರು. ಚೆನ್ನಾಗಿದೆ ಎಂದೆ. ಕೆಲಸಕ್ಕೆ ಹೋಗ್ತಿದ್ದೀಯಾ ಎಂದು ಕೇಳಲಿಲ್ಲ, ಮಧ್ಯಾಹ್ನದ ಹೊತ್ತು ಮನೆಯಲ್ಲಿದ್ದೇನೆ ಎನ್ನುವುದೇ ಉತ್ತರವಾಗಿತ್ತು.

'ಒಂದು ಕೇಳ್ಲಿಕ್ಕೆ ಫೋನ್ ಮಾಡಿದ್ದು,' ಎಂದರು. 'ಕಾರ್ಡು ಈಗ ಕೊಟ್ಟಿದ್ದಾಳೆ. ವಾಪಸ್ ಬರ್ಬೇಕಾದ್ರೆ ಬೇಕಂತೆ. ಕನ್ನಡಕ ಹಾಕಿ ಎರಡೂ ಬದಿ ನೋಡಿದೆ. ಇದ್ರಲ್ಲಿ ನಾನು ಕೆಲ್ಸ ಮಾಡ್ಬಹುದು ಅಂತ ಎಲ್ಲಿ ಬರ್ದುಂಟು?'

'ಹಾಗಂತ ಬರ್ದಿರಲ್ಲ ಅಮ್ಮ. ಅದು ನಿಮ್ಮ ಕೈಯಲ್ಲಿದ್ರೆ ಸಾಕು, ಅಷ್ಟೇ.'

'ಹೌದಾ,' ಎಂದರು. 'ಈಗ ಕೈಯಲ್ಲುಂಟು.'

ಅಷ್ಟರಲ್ಲಿ ಅವರ ವಿಮಾನಕ್ಕೆ ಕರೆದರು.